ನಮ್ಮ ನೆಲದ ಎರಡು ಬೂದಿಗಳು

ಬೂದಿಗೆ ಲೋಕದಲ್ಲಿ ಹೆಚ್ಚಿನ ಮರ್ಯಾದೆಯಿಲ್ಲ. ವ್ಯರ್ಥವಾದ ಕೆಲಸವನ್ನು ಬೂದಿಯಲ್ಲಿ ಹೋಮ ಮಾಡಿದಂತೆ ಎನ್ನುತ್ತೇವೆ. ಬಾಳಿ ಬದುಕಿದ ಮನೆತನ ಕೆಟ್ಟರೆ ಬೂದಿಯಾಯಿತು ಎನ್ನುತ್ತೇವೆ. ಆದರೂ ನಮ್ಮ ಹಿರಿಯರ ಮನೆಗಳಲ್ಲಿ ಬೂದಿಯಿಲ್ಲದೆ ಬೆಳಗಾಗುತ್ತಿರಲಿಲ್ಲ. ಪಾತ್ರೆ ಬೆಳಗುವುದಕ್ಕೆ ಬೂದಿ, ಹಲ್ಲುಜ್ಜುವುದಕ್ಕೆ ಬೂದಿ, ಬಿತ್ತನೆಯ ಕಾಳಿಗೆ ಹುಳು ಹತ್ತದಂತೆ ಬೆರಸುವುದಕ್ಕೆ ಬೂದಿ, ಬದನೆಯ ಗಿಡಕ್ಕೆ ಎರಚುವುದಕ್ಕೆ ಬೂದಿ. ಅದೇ ಸಗಣಿಯನ್ನು ಮಡಿಯಿಂದ ಸುಟ್ಟರೆ ಹಣೆಗೆ ಧರಿಸುವ ವಿಭೂತಿ. ಇಷ್ಟೆಲ್ಲ ಉಪಕಾರ ಪಡೆದೂ ನಾವು ಅದನ್ನು ತಿಪ್ಪೆಯ ಪಾಲು ಮಾಡುವುದಕ್ಕೆ ಕಾರಣ, ಎಲ್ಲವೂ ಮುಗಿದ ಮೇಲೆ ಉಳಿಯತಕ್ಕದ್ದು ಅದು ಎಂಬ ಎಣಿಕೆಯೇ ಇರಬೇಕು.

ಆದರೆ ಬೂದಿಗೆ ಇನ್ನೊಂದು ಗುಣವುಂಟು. ಅದು ಮತ್ತೆ ಉರಿಯದು, ಕೊಳೆಯದು, ಗೆದ್ದಲಿಗೆ ಆಹಾರವಾಗದು. ಮರದ ಕಂಬ, ಚರ್ಮದ ಹಗ್ಗ, ಹುಲ್ಲಿನ ಹೊದಿಕೆ ಎಲ್ಲವೂ ಮಣ್ಣಾದ ಬಳಿಕವೂ ಅದು ಬಿದ್ದಲ್ಲಿಯೇ ಬಿದ್ದಿರುತ್ತದೆ. ತನ್ನ ಕೆಳಗೆ ಸಿಕ್ಕಿದುದನ್ನು ಮುಚ್ಚಿಟ್ಟು ಕಾಯುತ್ತದೆ. ನಾವು ವಾಸಿಸುವ ಸೀಮೆಯ ಸುತ್ತಿನಲ್ಲಿ ಆದಿಕಾಲದ ಮನುಷ್ಯರ ಸುದ್ದಿಯನ್ನು ಹೀಗೆ ಕಾಯ್ದಿರಿಸಿದ ಎರಡು ಬೂದಿಗಳಿವೆ. ಒಂದು ಆಕಾಶದಿಂದ ಬಿದ್ದದ್ದು. ಇನ್ನೊಂದು ಮನುಷ್ಯನೇ ಮಾಡಿದ್ದು. ಅವೆರಡನ್ನು ಕುರಿತು ಉಪಾಧ್ಯಾಯ ಬಂಧುಗಳೊಡನೆಯೂ ವಿದ್ಯಾರ್ಥಿಗಳೊಡನೆಯೂ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬುದು ನಮ್ಮ ಆಸೆ.

ಪ್ರಾಥಮಿಕ ಶಾಲೆಯಲ್ಲಿ ಚರಿತ್ರೆ ಹೇಳುವವರೆಲ್ಲ ಆದಿಮಾನವನಿಂದಲೇ ಮೊದಲು ಮಾಡಬೇಕಷ್ಟೆ. ಪಾಠದ ಜೊತೆಗೊಂದು ಚಿತ್ರವಿರುತ್ತದೆ. ಕೆದರಿದ ತಲೆ, ಸೊಂಟಕ್ಕೆ ತೊಗಲು, ಕೈಯಲ್ಲೊಂದು ಬಡಿಗೆ, ಹಿಂದೆ ಗವಿಯ ಬಾಯಿ. ಮಕ್ಕಳು ಅದನ್ನು ನೋಡಿ ನಗುತ್ತಾರೆ. ಇವನಾರೋ ದೂರದವನು, ತಮಗೂ ತಮ್ಮ ಊರಿಗೂ ಸಂಬಂಧವಿಲ್ಲದವನು ಎಂದು ಅವರ ಮನಸ್ಸು ಅಂದೇ ತೀರ್ಮಾನಿಸಿಬಿಡುತ್ತದೆ. ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ನಡೆಸಬೇಕೆಂದು ತರಬೇತಿ ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಈ ಪಾಠವಾದರೋ ತಿಳಿಯದುದರಿಂದ ಹೊರಟು ತಿಳಿಯದುದರಲ್ಲಿಯೇ ಮುಗಿಯುತ್ತದೆ.

ಒಂದು ವರ್ಷ ಈ ಪಾಠ ನಡೆದಿದ್ದಾಗ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಆದಿಮಾನವ ನಮ್ಮ ಕಡೆ ಇದ್ದನಾ? ಇದ್ದಿದ್ದರೆ ಅವನು ಮಾತಾಡ್ತಿದ್ದುದು ಕನ್ನಡವಾ, ತೆಲುಗಾ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ. ಮಾಧವರದಂಥ ಊರಿನಲ್ಲಿ ಬೆಳೆಯುವ ಮಗುವಿಗೆ ಅದು ಸಹಜವಾದ ಪ್ರಶ್ನೆ. ಮನೆಯಲ್ಲಿ ಒಂದು ಮಾತು, ಬಸ್ಸಿನ ಫಲಕದ ಮೇಲೆ ಒಂದು ಬರಹ, ಕಚೇರಿಯ ಅರ್ಜಿಯಲ್ಲಿ ಮತ್ತೊಂದು. ತುಂಗಭದ್ರೆಯನ್ನು ದಾಟಿದರೆ ಕರ್ನಾಟಕ, ದಾಟದಿದ್ದರೆ ಆಂಧ್ರ. ಯಾವುದನ್ನು ತನ್ನದೆನ್ನಬೇಕು ಎಂಬುದು ಈ ಮಕ್ಕಳಿಗೆ ದಿನದಿನದ ಚಿಂತೆ. ಆದುದರಿಂದ ಆಕೆಯ ಪ್ರಶ್ನೆಯ ಎರಡು ಭಾಗಗಳಿಗೂ ಸರಿಯಾದ ಉತ್ತರ ಸಲ್ಲಬೇಕೆಂದು ನಾವು ಆ ದಿನವೇ ನಿಶ್ಚಯಿಸಿದೆವು. ಈ ಬರಹ ಆ ಉತ್ತರದ ಫಲ.

ಮೊದಲ ಭಾಗಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ೧೮೬೩ರ ಮೇ ೩೦ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು ಒಂದು ಕಲ್ಲನ್ನು ಕೈಗೆತ್ತಿಕೊಂಡರು. ಅದು ತಾನಾಗಿ ಒಡೆದ ಕಲ್ಲಲ್ಲ, ಮನುಷ್ಯನ ಕೈ ಒಡೆದು ರೂಪಿಸಿದ ಆಯುಧ ಎಂದು ಅವರು ಗುರುತಿಸಿದರು. ಭಾರತದ ಶಿಲಾಯುಗದ ಅಧ್ಯಯನಕ್ಕೆ ಆ ದಿನವೇ ನಾಂದಿಯಾಯಿತು. ಫೂಟರು ಮುಂದೆ ನಮ್ಮ ಕಡೆಯೂ ಬಹುಕಾಲ ತಿರುಗಿದರು. ೧೮೮೪ರ ಸುಮಾರಿಗೆ ಬೇತಂಚೆರ್ಲದ ಬಳಿಯ ಬಿಲ್ಲಸುರ್ಗಂ ಗವಿಗಳನ್ನು ತಮ್ಮ ಮಗನೊಡನೆ ಅಗೆಯಿಸಿದರು. ಅಲ್ಲಿ ದೊರೆತ ಎಲುಬುಗಳಲ್ಲಿ ಖಡ್ಗಮೃಗದವೂ ಇದ್ದುವು. ವಿದ್ವಾಂಸರು ಆ ಮೃಗಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು. ಇಂದು ಬಂಡೆಯೂ ಕುರುಚಲೂ ಕಾಣುವ ಈ ನಾಡಿನಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತೆಂದರೆ ಮಕ್ಕಳು ಕಣ್ಣರಳಿಸುತ್ತಾರೆ. ೧೮೯೫ರಲ್ಲಿ ಅಚ್ಚಾದ ಫೂಟರ ಬಳ್ಳಾರಿ ಜಿಲ್ಲೆಯ ಭೂಗರ್ಭವರ್ಣನೆಯಲ್ಲಿ ನಮ್ಮ ಆದವಾನಿಯೂ ಆಲೂರೂ ಸೇರಿವೆ. ಏಕೆಂದರೆ ಆಗ ಅವು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದುವು.

ಫೂಟರ ಬಳಿಕ ಕಾಲದ ಲೆಕ್ಕ ಹಿಂದು ಹಿಂದಕ್ಕೆ ಸರಿಯಿತು. ಫೂಟರೇ ಕಂಡುಹಿಡಿದ ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಯ ಕೈಗೊಡಲಿಗಳಿಗೆ ಸುಮಾರು ೧೫ ಲಕ್ಷ ವರ್ಷಗಳ ವಯಸ್ಸೆಂದು ೨೦೧೧ರಲ್ಲಿ ಪ್ರಕಟವಾಯಿತು. ನಮಗೆ ಇನ್ನೂ ಹತ್ತಿರದ ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ ಪ್ರೊಫೆಸರ್ ಕೆ. ಪದ್ದಯ್ಯನವರು ಹಲವು ವರ್ಷ ದುಡಿದು ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ ಆಯುಧ ಮಾಡುತ್ತಿದ್ದ ಕಮ್ಮಟವನ್ನೇ ಬೆಳಕಿಗೆ ತಂದರು. ಅದರ ಕಾಲ ಸುಮಾರು ೧೨ ಲಕ್ಷ ವರ್ಷಗಳ ಹಿಂದೆ. ನಮ್ಮ ಮಾನವಜಾತಿ ಹುಟ್ಟಿದುದೇ ಸುಮಾರು ೩ ಲಕ್ಷ ವರ್ಷಗಳ ಹಿಂದೆ, ಆಫ್ರಿಕದಲ್ಲಿ. ಆದುದರಿಂದ ಇಸಾಂಪುರದ ಆ ಕೆಲಸಗಾರರು ನಮಗಿಂತ ಹಿಂದಿನ ಬೇರೊಂದು ಮಾನವಜಾತಿಯವರು. ಆದಿಮಾನವನು ನಮ್ಮ ಕಡೆ ಇದ್ದನೆ ಎಂದರೆ, ನಾವಿನ್ನೂ ನಾವಾಗುವುದಕ್ಕೆ ಮೊದಲೇ ಇದ್ದನು.

ಇನ್ನು ಮೊದಲನೆಯ ಬೂದಿಯ ಕಥೆ.

ನಮ್ಮ ಊರಿನಿಂದ ಆಗ್ನೇಯಕ್ಕೆ, ಬನಗಾನಪಲ್ಲೆಯ ಕಡೆ, ಜುರ್ರೇರು ಎಂಬ ಹಳ್ಳದ ಕಣಿವೆಯಲ್ಲಿ ಜ್ವಾಲಾಪುರಂ ಎಂಬ ಗ್ರಾಮವಿದೆ. ಕರ್ನೂಲು ಜಿಲ್ಲೆಗೆ ಸೇರಿದ್ದ ಆ ಪ್ರದೇಶ ೨೦೨೨ರಿಂದ ನಂದ್ಯಾಲ ಜಿಲ್ಲೆಗೆ ಹೋಗಿದೆ. ಅಲ್ಲಿ ನೆಲದಡಿ ಬಿಳಿಯ ಹಿಟ್ಟಿನಂಥ ನುಣುಪಾದ ಬೂದಿಯ ಪದರವೊಂದು ಸಿಗುತ್ತದೆ. ಜನ ಅದನ್ನು ಅಗೆದು ಮಾರಾಟಕ್ಕೆ ಸಾಗಿಸುತ್ತಿದ್ದರು. ಹಾಗೆ ಅಗೆದ ಕುಳಿಗಳ ಗೋಡೆಯಲ್ಲಿಯೇ ವಿದ್ವಾಂಸರಿಗೆ ಮಣ್ಣಿನ ಪದರಗಳು ಪುಸ್ತಕದ ಹಾಳೆಗಳಂತೆ ಕಾಣಿಸಿದುವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಮೈಕೇಲ್ ಪೆಟ್ರಾಲಿಯ ಎಂಬವರೂ ತಮ್ಮ ಸಂಗಡಿಗರೊಡನೆ ಅಲ್ಲಿ ಉತ್ಖನನ ನಡೆಸಿ ೨೦೦೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಆ ಬೂದಿ ನಮ್ಮ ದೇಶದ್ದಲ್ಲ. ಸುಮಾರು ೭೪,೦೦೦ ವರ್ಷಗಳ ಹಿಂದೆ ಸುಮಾತ್ರ ದ್ವೀಪದ ತೋಬಾ ಎಂಬ ಜ್ವಾಲಾಮುಖಿ ಸಿಡಿಯಿತು. ಅದು ಸಿಡಿದ ಸ್ಥಳದಲ್ಲಿ ಇಂದು ಸುಮಾರು ೧೦೦ ಕಿಲೋಮೀಟರ್ ಉದ್ದದ ಸರೋವರವಿದೆಯೆಂದರೆ ಆ ಸಿಡಿತದ ಅಳತೆಯನ್ನು ಊಹಿಸಬಹುದು. ಅದರ ಬೂದಿ ಗಾಳಿಯೊಡನೆ ಬಂಗಾಳ ಕೊಲ್ಲಿಯನ್ನು ದಾಟಿ, ೨,೫೦೦ ಕಿಲೋಮೀಟರಿಗೂ ದೂರದ ನಮ್ಮ ಸೀಮೆಗೆ ಬಂದು ಬಿತ್ತು. ಬಿದ್ದುದು ತೆಳುವಾದ ಪದರವೇ. ಆದರೆ ಮಳೆಯ ನೀರು ಸುತ್ತಣ ದಿಬ್ಬಗಳಿಂದ ಅದನ್ನು ತೊಳೆದು ಕಣಿವೆಯ ತಗ್ಗಿಗೆ ತಂದು ತುಂಬಿತು. ಆದ್ದರಿಂದಲೇ ಜ್ವಾಲಾಪುರದಲ್ಲಿ ಕೆಲವೆಡೆ ಅದರ ದಪ್ಪ ಎರಡು ಮೀಟರಿಗೂ ಮಿಕ್ಕಿದೆ. ಬೂದಿಯ ಕಣವೆಂದರೆ ಗಾಜಿನ ಚೂರು. ಒಂದೊಂದು ಜ್ವಾಲಾಮುಖಿಯ ಗಾಜಿಗೂ ಅದರದೇ ರಾಸಾಯನಿಕ ಗುರುತು ಇರುವುದರಿಂದ ಇದು ತೋಬಾದ್ದೆಂದು ಹೇಳುವುದು ಸಾಧ್ಯವಾಯಿತು.

ಇದು ಭೂಗರ್ಭಶಾಸ್ತ್ರದ ಮಾತಾಯಿತು. ಮನುಷ್ಯನ ಮಾತು ಮುಂದಿದೆ. ಆ ಬೂದಿಯ ಪದರದ ಕೆಳಗೆ ಕಲ್ಲಿನ ಉಪಕರಣಗಳು ಸಿಕ್ಕಿದುವು. ಅದರ ಮೇಲೆಯೂ ಸಿಕ್ಕಿದುವು. ಕೆಳಗಿನ ಉಪಕರಣಗಳನ್ನೂ ಮೇಲಿನವನ್ನೂ ಹೋಲಿಸಿದಾಗ ಹೆಚ್ಚಿನ ಭೇದ ಕಾಣಲಿಲ್ಲ. ಎಂದರೆ, ಹೊತ್ತು ಮಂಕಾಗಿ, ಹುಲ್ಲು ಗಿಡಗಳ ಮೇಲೆ ಬೂದಿ ಕವಿದು, ನೀರು ಕದಡಿಹೋದ ಆ ದುರ್ದಿನಗಳ ಬಳಿಕವೂ ಮನುಷ್ಯರು ಈ ಕಣಿವೆಯಲ್ಲಿ ಅದೇ ರೀತಿಯಲ್ಲಿ ಕಲ್ಲೊಡೆಯುತ್ತಿದ್ದರು. ಅವರು ನಮ್ಮ ಜಾತಿಯ ಮನುಷ್ಯರೇ ಎಂದು ಉತ್ಖನನಕಾರರು ವಾದಿಸಿದ್ದಾರೆ. ಒಪ್ಪದ ವಿದ್ವಾಂಸರೂ ಇದ್ದಾರೆ. ಆ ಚರ್ಚೆ ಇನ್ನೂ ನಡೆದಿದೆ. ಬೂದಿಯ ಕೆಳಗಣ ಪದರದಲ್ಲಿ ಉಜ್ಜಿದ ಗುರುತುಳ್ಳ ಕೆಮ್ಮಣ್ಣಿನ ತುಂಡೊಂದು ದೊರೆಯಿತು. ಅದನ್ನು ಯಾವುದಕ್ಕೆ ಬಳಿದರೋ ಬಲ್ಲವರಿಲ್ಲ. ಹೊಸ್ತಿಲಿಗೂ ಕಟ್ಟೆಗೂ ಕೆಮ್ಮಣ್ಣು ಬಳಿಯುವ ನಮ್ಮ ಹೆಣ್ಣುಮಕ್ಕಳು ಮಾತ್ರ ಆ ತುಂಡನ್ನು ಕಂಡರೆ ಅಪರಿಚಿತ ವಸ್ತುವೆನ್ನಲಾರರು.

ಅದೇ ಕಣಿವೆಯ ಕಲ್ಲಾಸರೆಯೊಂದರಲ್ಲಿ ಸುಮಾರು ೩೫,೦೦೦ ವರ್ಷಗಳ ಹಿಂದಿನಿಂದ ಮೊದಲಾಗಿ ಸಣ್ಣಸಣ್ಣ ಕಲ್ಲಲಗುಗಳು, ಮಣಿಗಳು ದೊರೆತಿವೆ. ಹೊಟ್ಟೆಗಾಗಿ ಬೇಟೆಯಾಡಿದವರು ಕೊರಳಿಗಾಗಿ ಮಣಿಯನ್ನೂ ಮಾಡಿಕೊಂಡರು. ಚಿತ್ರದಲ್ಲಿಯ ಬಡಿಗೆಯವನು ಇಲ್ಲಿಗೆ ನಮಗೆ ಸ್ವಲ್ಪ ಹತ್ತಿರ ಬಂದನು.

ಇನ್ನೊಂದು ಬೂದಿ ನಮಗೆ ನೈಋತ್ಯದಲ್ಲಿದೆ. ಒಂದು ಬೇಸಗೆಯ ರಜೆಯಲ್ಲಿ ಇಬ್ಬರು ಉಪಾಧ್ಯಾಯ ಮಿತ್ರರೊಡನೆ ಆದವಾನಿಯಿಂದ ಆಲೂರಿನ ಮೇಲೆ ಬಳ್ಳಾರಿಗೆ ಹೋಗಿ, ಅಲ್ಲಿಂದ ಹೊಸಪೇಟೆಯ ದಾರಿಯಲ್ಲಿರುವ ಕುಡತಿನಿಯ ಬೂದಿಗುಡ್ಡವನ್ನು ನಾವು ನೋಡಿ ಬಂದೆವು. ದೂರಕ್ಕೆ ಅದು ಎಲ್ಲ ದಿಬ್ಬಗಳಂಥದೇ ದಿಬ್ಬ. ಹತ್ತಿರ ಹೋಗಿ ಒಂದು ಹೆಂಟೆಯನ್ನು ಎತ್ತಿದರೆ ಕೈಗೆ ಹಗುರ. ಕಮ್ಮಾರನ ಕುಲುಮೆಯ ಕಿಟ್ಟದಂತೆ ಸಣ್ಣ ತೂತುಗಳು. ಕೆಲವೆಡೆ ಗಾಜಿನ ಹೊಳಪು. ಇಂಥ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿಯೂ ಆಂಧ್ರ ತೆಲಂಗಾಣಗಳ ನೆರೆಯ ಸೀಮೆಗಳಲ್ಲಿಯೂ ಹಲವು ಇವೆ.

ಇವನ್ನು ಕಂಡ ನಮ್ಮ ಪೂರ್ವಿಕರು ಸುಮ್ಮನಿರಲಿಲ್ಲ. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಬೂದಿಯೆಂದರು. ಬೇರೆಡೆಯವನ್ನು ಭೀಮನು ಕೊಂದ ರಕ್ಕಸನ ಬೂದಿಯೆಂದರು. ಪಂಡಿತರೂ ಹಿಂದೆ ಬೀಳಲಿಲ್ಲ. ಯುದ್ಧದಲ್ಲಿ ಮಡಿದವರನ್ನು ಒಟ್ಟಾಗಿ ಸುಟ್ಟ ಸ್ಥಳವೆಂದು ಕೆಲವರು, ಕಬ್ಬಿಣ ಕರಗಿಸಿದ ಕುಲುಮೆಯ ಕಸವೆಂದು ಕೆಲವರು ಬರೆದರು. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬವರು ೧೮೪೩ರಷ್ಟು ಹಿಂದೆಯೇ ಇವುಗಳ ಮೇಲೆ ಲೇಖನ ಪ್ರಕಟಿಸಿದ್ದರು. ದನದ ಸಗಣಿ ಬೆಂದು ಆದ ಬೂದಿ ಇದು ಎಂದು ಊಹಿಸಿದವರು ಅದೇ ಫೂಟರು. ಆ ಊಹೆಯನ್ನು ಒರೆಗೆ ಹಚ್ಚುವುದಕ್ಕೆ ಬಹುಕಾಲ ಬೇಕಾಯಿತು.

ಅದು ಒರೆಗೆ ಹತ್ತಿದ್ದು ೧೯೫೭ರಲ್ಲಿ. ಅಂದಿನ ಮೆಹಬೂಬನಗರ ಜಿಲ್ಲೆಯ ಉತನೂರಿನಲ್ಲಿ, ಎಂದರೆ ನಮಗೆ ಉತ್ತರಕ್ಕೆ, ತುಂಗಭದ್ರೆಯಾಚೆ, ಎಫ್. ಆರ್. ಆಲ್‌ಚಿನ್ ಎಂಬ ಪುರಾತತ್ತ್ವಜ್ಞರು ಒಂದು ಬೂದಿದಿಬ್ಬವನ್ನು ಪದರ ಪದರವಾಗಿ ಬಿಡಿಸಿದರು. ಸುತ್ತಲೂ ಸಾಲಾಗಿ ನೆಟ್ಟ ಕಂಬಗಳ ಕುಳಿಗಳು ಕಂಡುವು. ಅವು ದನದ ಹಟ್ಟಿಯ ಬೇಲಿ. ಹಟ್ಟಿ ಹಲವು ಸಲ ಸುಟ್ಟು, ಹಲವು ಸಲ ಮತ್ತೆ ಕಟ್ಟಿದ ಗುರುತುಗಳಿದ್ದುವು. ಎಲ್ಲಕ್ಕಿಂತ ಮಿಗಿಲಾಗಿ, ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದುವು. ಝಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪರೀಕ್ಷಿಸಿ ಅದು ಸಗಣಿಯದೇ ಎಂದು ಸ್ಥಿರಪಡಿಸಿದರು. ಹುಲ್ಲಿನಲ್ಲಿ ಮರಳಿನ ಅಂಶವುಂಟು. ಅದು ಸಗಣಿಗೂ ಬರುತ್ತದೆ. ಬೆಂಕಿಯ ಕಾವು ಬಲವಾದರೆ ಕರಗಿ ಗಾಜಾಗುತ್ತದೆ. ಕುಡತಿನಿಯ ಹೆಂಟೆಯ ಹೊಳಪಿಗೆ ಇದೇ ಕಾರಣ. ಇದ್ದಲಿನಲ್ಲಿರುವ ಒಂದು ಬಗೆಯ ಇಂಗಾಲ ೫,೭೩೦ ವರ್ಷಗಳಿಗೊಮ್ಮೆ ಅರ್ಧವಾಗುವುದೆಂಬ ಲೆಕ್ಕದಿಂದ ಇಂಥ ನೆಲೆಗಳ ಕಾಲವನ್ನು ಗೊತ್ತುಮಾಡುತ್ತಾರೆ. ಬೂದಿದಿಬ್ಬಗಳ ಈ ನವಶಿಲಾಯುಗ ನಮ್ಮಲ್ಲಿ ಸುಮಾರು ೫,೦೦೦ ವರ್ಷಗಳ ಹಿಂದೆ ಮೊದಲಾಯಿತು.

ಇಷ್ಟು ಸಗಣಿಯನ್ನು ಗೊಬ್ಬರ ಮಾಡದೆ, ಕುಳ್ಳು ತಟ್ಟದೆ, ಗುಡ್ಡದಷ್ಟು ಕೂಡಿಟ್ಟು ಸುಟ್ಟುದೇಕೆ? ಆಕಸ್ಮಿಕವಾಗಿ ಬೆಂಕಿ ಬಿದ್ದಿತೆಂದರೆ ಇಷ್ಟು ಊರುಗಳಲ್ಲಿ ಇಷ್ಟು ಸಲ ಬೀಳಲಾರದು. ಋತು ತಿರುಗುವ ಕಾಲದಲ್ಲಿ ದನಗಳ ಕ್ಷೇಮಕ್ಕಾಗಿ ಮಾಡಿದ ಹಬ್ಬದ ಬೆಂಕಿಯಿರಬೇಕೆಂದು ಆಲ್‌ಚಿನ್ನರು ಊಹಿಸಿದರು. ಸಂಕ್ರಾಂತಿಯ ಸಂಜೆ ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸುವುದನ್ನು ಮೈಸೂರು ಸೀಮೆಯವರು ಬಲ್ಲರು. ನಮ್ಮ ಕಡೆಯ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಜೇಡಿ ತಂದು ಎತ್ತು ಮಾಡಿ ಪೂಜಿಸುತ್ತಾರೆ. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಆ ಹಳೆಯ ದನಗಾಹಿಗಳು ಮಾಡಿದ, ಹಿಣಿಲುಳ್ಳ ಸುಟ್ಟ ಮಣ್ಣಿನ ಎತ್ತುಗಳು ನೆಲದಿಂದ ಎದ್ದಿವೆ. ಅಂದಿನ ಪೂಜೆಯೇ ಇಂದಿಗೆ ನಡೆದುಬಂತೆಂದು ನಾವು ಹೇಳಲಾರೆವು. ಅದೇ ಮಣ್ಣು, ಅದೇ ಹಿಣಿಲು ಎಂಬುದನ್ನಷ್ಟೇ ಮಗುವಿನ ಕೈಯ ಎತ್ತನ್ನು ನೋಡಿ ಹೇಳಬಲ್ಲೆವು.

ಈ ದನಗಾಹಿಗಳ ಸಂಸಾರವನ್ನು ತಿಳಿಯಬೇಕಾದರೆ ಬಳ್ಳಾರಿಗೆ ಸಮೀಪದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿಗೂ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗೂ ಹೋಗಬೇಕು. ೧೯೪೮ರಲ್ಲಿ ಬಿ. ಸುಬ್ಬರಾವ್ ಅವರು ಬಳ್ಳಾರಿಯ ಶಿಲಾಯುಗದ ಮೇಲೆ ಗ್ರಂಥ ಪ್ರಕಟಿಸಿದರು. ೧೯೬೦ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾಯರು ತೆಕ್ಕಲಕೋಟೆಯನ್ನೂ, ಅನ್ಸಾರಿಯವರೊಡಗೂಡಿ ಸಂಗನಕಲ್ಲನ್ನೂ ಅಗೆದರು. ಇಪ್ಪತ್ತನೆಯ ಶತಮಾನದ ಕೊನೆಯಿಂದ ಕೋರಿಶೆಟ್ಟರ್ ಮತ್ತು ಸಂಗಡಿಗರು ಸಂಗನಕಲ್ಲಿನ ಕೆಲಸವನ್ನು ಮುಂದುವರಿಸಿದರು. ಗುಡ್ಡದ ಮೇಲೆ ಬಂಡೆಗಳ ನಡುವೆ ನೆಲ ಸಮಮಾಡಿಕೊಂಡು ಕಟ್ಟಿದ ಗುಂಡನೆಯ ಗುಡಿಸಲುಗಳು. ಕಾಳು ಅರೆದು ಅರೆದು ತಗ್ಗಾದ ಬಂಡೆಗಳು. ಕೊಡಲಿ ಮಸೆದ ನೀಳವಾದ ಗೀರುಗಳು. ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಕರಿಯ ಕಲ್ಲಿನ ಕೊಡಲಿಗಳನ್ನು ತಯಾರಿಸುವ ದೊಡ್ಡ ಕಾರ್ಯಾಗಾರವೇ ಇತ್ತು. ಒಡೆದ ಚಕ್ಕೆಗಳು ಅಲ್ಲಿ ಸಾವಿರಗಟ್ಟಲೆ. ಇಂಥ ನಯವಾದ ಕೊಡಲಿ ಹೊಲ ಉಳುವಾಗ ಸಿಕ್ಕಿದರೆ ನಮ್ಮ ಹಳ್ಳಿಗಳಲ್ಲಿ ಸಿಡಿಲುಕಲ್ಲೆಂದು ಕರೆದು ದೇವರ ಕಟ್ಟೆಯ ಮೇಲಿಡುವುದುಂಟು. ಹೆಸರು ತಪ್ಪಾದರೂ ಗೌರವ ತಪ್ಪಲ್ಲ.

ಅವರ ಊಟವೇನು? ಸುಟ್ಟು ಕರಿಕಾಗಿ ಉಳಿದ ಕಾಳುಗಳನ್ನು ಮಣ್ಣಿನಿಂದ ನೀರಿನಲ್ಲಿ ತೇಲಿಸಿ ತೆಗೆದು ವಿದ್ವಾಂಸರು ಪರೀಕ್ಷಿಸಿದ್ದಾರೆ. ಹುರುಳಿ, ಹೆಸರು, ಕೊರಲೆ. ಈ ಮೂರನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖದ ಮೇಲೆ ಮೂಡಿದ ಆಶ್ಚರ್ಯವನ್ನು ನಾವು ಮರೆಯಲಾರೆವು. “ನಿನ್ನೆ ನಮ್ಮನೇಲಿ ಹುರುಳಿಸಾರೇ ಸಾರ್!” ಎಂದು ಒಬ್ಬನು ಕೂಗಿದನು. ಚಿತ್ರದ ಆದಿಮಾನವನನ್ನು ನೋಡಿ ಆ ಮಕ್ಕಳು ಮತ್ತೆ ನಗಲಿಲ್ಲ.

ಕಪ್ಪಗಲ್ಲಿನ ಬಂಡೆಗಳ ಮೇಲೆ ಹಿಣಿಲುಳ್ಳ ಎತ್ತುಗಳ, ಮನುಷ್ಯರ ಚಿತ್ರಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಅಲ್ಲಿಯ ಕೆಲವು ಕರಿಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡುತ್ತದೆ; ಬಡಿದು ಬಡಿದು ಆದ ಹಳೆಯ ಕುಳಿಗಳೂ ಅವುಗಳ ಮೇಲಿವೆ. ದನ ಮೇಯಿಸುವವನಿಗೆ ಚಿತ್ರವೂ ಬೇಕಾಗಿತ್ತು, ನಾದವೂ ಬೇಕಾಗಿತ್ತು. ದುಃಖವೂ ಅವನನ್ನು ಬಿಟ್ಟಿರಲಿಲ್ಲ. ಬ್ರಹ್ಮಗಿರಿ, ತೆಕ್ಕಲಕೋಟೆ ಮೊದಲಾದೆಡೆ ಸತ್ತ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯಲ್ಲಿಯೇ ಹೂಳಿದ್ದಾರೆ. ಮಗುವನ್ನು ದೂರ ಕಳುಹಿಸಲು ಆ ತಾಯಿಗೆ ಮನಸ್ಸು ಬಾರದೆ ಹೋಯಿತೋ ಏನೋ. ಕಲ್ಲಿನ ಕೊಡಲಿಯ ಉದ್ದಗಲಗಳನ್ನು ಅಳೆದು ಬರೆಯಬಹುದು. ಈ ಮಡಕೆಯ ಮುಂದೆ ನಾವು ಸುಮ್ಮನೆ ನಿಲ್ಲಬೇಕಾಗುತ್ತದೆ.

ಇನ್ನು ಆ ಹುಡು‍ಗಿಯ ಪ್ರಶ್ನೆಯ ಎರಡನೆಯ ಭಾಗ. ಅವರಾಡಿದ ಮಾತು ಯಾವುದು? ಬೂದಿಯಲ್ಲಿ ಮಾತು ಉಳಿಯುವುದಿಲ್ಲ, ಅವರಿಗೆ ಬರವಣಿಗೆಯಿರಲಿಲ್ಲ. ಕನ್ನಡದ ಅತಿ ಹಳೆಯ ಶಾಸನವೆಂದು ಹೆಸರಾದ ಹಲ್ಮಿಡಿಯದು ಕ್ರಿಸ್ತಶಕ ಐದನೆಯ ಶತಮಾನದ್ದು. ತೆಲುಗಿನ ಕಲಮಳ್ಳ ಶಾಸನ ಆರನೆಯ ಶತಮಾನದ್ದು. ದ್ರಾವಿಡ ಭಾಷಾಕುಟುಂಬ ಸುಮಾರು ೪,೫೦೦ ವರ್ಷಗಳಷ್ಟು ಹಳೆಯದೆಂದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಣಿಸಿದೆ. ಬೂದಿದಿಬ್ಬಗಳ ಜನ ಆಡುತ್ತಿದ್ದುದು ಈ ಕುಟುಂಬದ ಆದಿಯ ಮಾತೇ ಇರಬಹುದೆಂದು ಕೆಲವು ವಿದ್ವಾಂಸರ ಮತ. ಆ ಮತ ನಿಜವಾದರೆ, ಉತನೂರಿನ ಹಟ್ಟಿಯಲ್ಲಿ ಕೇಳಿಬಂದ ಮಾತು ಇಂದಿನ ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಎರಡಕ್ಕೂ ಹಿರಿಯಳಾದವಳು ಆಡಿದ ಮಾತು. ನಾವು ಎತ್ತು ಎಂದರೆ ನೆರೆಮನೆಯವರು ಎದ್ದು ಎನ್ನುತ್ತಾರೆ. ನಾವು ಹಾಲು ಎಂದರೆ ಅವರು ಪಾಲು ಎನ್ನುತ್ತಾರೆ. ಊರು ಎಂಬುದನ್ನು ಇಬ್ಬರೂ ಊರೆಂದೇ ಕರೆಯುತ್ತೇವೆ. ಹಟ್ಟಿಯ ಬದುಕಿಗೆ ಬೇಕಾದ ಮಾತುಗಳಲ್ಲಿ ನಾವಿನ್ನೂ ಬಹಳ ದೂರ ಹೋಗಿಲ್ಲ.

೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಬಂದುವು. ಬಳ್ಳಾರಿ ಮೈಸೂರಿಗೆ ಹೋಯಿತು. ಆ ಗೆರೆಯ ಈಚೆ ಉಳಿದ ಕನ್ನಡಿಗರಾದ ನಮಗೆ ನಮ್ಮ ಭಾಷೆಯ ಮೇಲೆ ಅಭಿಮಾನವುಂಟು. ನಮ್ಮ ಮಕ್ಕಳು ಅದರಲ್ಲಿ ಓದಬೇಕೆಂಬ ಹಂಬಲವುಂಟು. ಅದಕ್ಕಾಗಿಯೇ ಈ ಸಂಘ, ಈ ಪತ್ರಿಕೆ. ಆದರೆ ಗಡಿಯ ಶಾಲೆಯ ಮಕ್ಕಳಲ್ಲಿ ಒಂದು ಅಳುಕು ಬೇರೂರುವುದನ್ನು ನಾವೆಲ್ಲ ಕಂಡಿದ್ದೇವೆ. ಬೆಂಗಳೂರಿಗೂ ತಾವು ದೂರ, ವಿಜಯವಾಡಕ್ಕೂ ದೂರ. ಎರಡು ರಾಜ್ಯಗಳ ಚರಿತ್ರೆಯ ಪುಸ್ತಕಗಳಲ್ಲಿಯೂ ತಾವು ಅಂಚಿನವರು ಎಂಬ ಅಳುಕು. ಬೂದಿಯ ನಕ್ಷೆಯನ್ನು ಅವರ ಮುಂದೆ ಹರಡಿ ನೋಡೋಣ. ಆಗ್ನೇಯಕ್ಕೆ ಜ್ವಾಲಾಪುರಂ, ನೈಋತ್ಯಕ್ಕೆ ಕುಡತಿನಿ ಸಂಗನಕಲ್ಲುಗಳು, ಉತ್ತರಕ್ಕೆ ಉತನೂರು, ವಾಯವ್ಯಕ್ಕೆ ಪಿಕ್ಲಿಹಾಳ. ನಡುವೆ ನಮ್ಮ ಮಾಧವರಂ. ಈ ನಕ್ಷೆಯಲ್ಲಿ ನಾವು ಅಂಚಿನಲ್ಲಿಲ್ಲ. ನಾವು ಆ ದನಗಾಹಿಗಳ ರಕ್ತಸಂಬಂಧಿಗಳೆಂದು ಸಾಧಿಸಬೇಕಾದ ಅಗತ್ಯವಿಲ್ಲ. ಅವರು ಮೇಯಿಸಿದ ನೆಲದಲ್ಲಿ ಮೇಯಿಸುತ್ತೇವೆ, ಅವರು ಬಿತ್ತಿದ ಕಾಳನ್ನು ಬಿತ್ತುತ್ತೇವೆ. ಅವರು ಬಿಟ್ಟುಹೋದುದನ್ನು ನೋಡಿಕೊಳ್ಳುವ ಹೊಣೆಗೆ ಅಷ್ಟು ಸಾಕು.

ಹೊಣೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಲೇಬೇಕು. ಬೂದಿದಿಬ್ಬದ ಮಣ್ಣು ಒಳ್ಳೆಯ ಗೊಬ್ಬರ. ಒಂದು ಊರಿನಲ್ಲಿ ವೃದ್ಧರಾದ ರೈತರೊಬ್ಬರು ತಮ್ಮ ಹೊಲದಂಚಿನ ತಗ್ಗನ್ನು ತೋರಿಸಿ, “ಇಲ್ಲಿ ಆನೆ ಎತ್ತರದ ದಿಬ್ಬ ಇತ್ರೀ ಮೇಷ್ಟ್ರೇ. ನಮ್ಮಪ್ಪನ ಕಾಲಕ್ಕ ಬಂಡಿಗಟ್ಲೆ ಹೇರಿ ಹೊಲಕ್ಕ ಚೆಲ್ಲೀವಿ. ಜ್ವಾಳ ಏನ್ ಬರ್ತಿತ್ತಂತೀರಿ!” ಎಂದು ಸಂತೋಷದಿಂದಲೇ ಹೇಳಿದರು. ಅವರ ಮೇಲೆ ಸಿಟ್ಟಾಗುವ ಅಧಿಕಾರ ನಮಗಿರಲಿಲ್ಲ. ಅದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೊಟ್ಟೆಯ ಮುಂದೆ ಚರಿತ್ರೆ ನಿಲ್ಲುವುದೂ ಇಲ್ಲ. ಆದರೆ ಐದು ಸಾವಿರ ವರ್ಷ ನಿಂತಿದ್ದ ಗೊರಸಿನ ಗುರುತು ಆ ಬಂಡಿಯಲ್ಲಿಯೇ ಹೋಯಿತು. ಕಪ್ಪಗಲ್ಲಿನ ಚಿತ್ರಗಳ ಬಂಡೆಗಳಿಗೂ ಕಲ್ಲುಗಣಿಯ ಕೆಲಸದಿಂದ ಹಾನಿಯಾಗಿದೆ. ರಾಜರ ಗುಡಿಗೋಪುರಗಳಿಗಾದರೆ ಕಾವಲಿದೆ, ಫಲಕವಿದೆ. ದನಗಾಹಿಯ ಹಟ್ಟಿಗೆ ಯಾರ ಕಾವಲು?

ಉಪಾಧ್ಯಾಯರಾದ ನಮ್ಮ ಕೈಯಲ್ಲಿ ಹಣವೂ ಇಲ್ಲ, ಅಧಿಕಾರವೂ ಇಲ್ಲ, ಮಕ್ಕಳಿದ್ದಾರೆ. ದನ ಕಾಯುವ, ಹೊಲದಲ್ಲಿ ಆಡುವ, ಹಳ್ಳದ ದಂಡೆಯಲ್ಲಿ ಅಲೆಯುವ ಮಕ್ಕಳ ಕಣ್ಣಿಗೆ ಬೀಳದುದು ಊರಿನಲ್ಲಿ ಯಾವುದೂ ಇಲ್ಲ. ನಯವಾದ ಕಲ್ಲು, ಬಣ್ಣದ ಬೋಕಿ, ಹಗುರವಾದ ಕಿಟ್ಟ ಕಂಡರೆ ಕಿತ್ತು ತರಬಾರದೆಂದೂ, ಬಿದ್ದಲ್ಲಿಯೇ ಬಿಟ್ಟು ಯಾರ ಹೊಲ, ಯಾವ ಮೂಲೆ ಎಂದು ಬರೆದುಕೊಂಡು ಬರಬೇಕೆಂದೂ ಹೇಳಿಕೊಡಬೇಕು. ಎತ್ತಿಕೊಂಡು ಬಂದ ಕಲ್ಲು ಬರಿಯ ಕಲ್ಲು; ಇದ್ದಲ್ಲಿಯೇ ಇರುವ ಕಲ್ಲಿಗೆ ಕಾಲವೂ ಕಥೆಯೂ ಇರುತ್ತವೆ. ಊರಿನಲ್ಲಿ ಬೂದಿಯ ಹೆಸರು ಸೇರಿದ ಹೊಲ, ದಿಬ್ಬ, ಕುಂಟೆಗಳಿವೆಯೆ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಪಟ್ಟಿ ಮಾಡಿಸಬೇಕು. ಹಾಗೆ ದೊರೆತುದನ್ನು ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆದು ತಿಳಿಸಬೇಕು. ಬಳ್ಳಾರಿಯಲ್ಲಿ ಫೂಟರ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಆದವಾನಿಯ ಕಡೆಯ ಶಾಲೆಗಳಿಗೆ ಅದು ಒಂದು ದಿನದ ಪ್ರವಾಸ. ಹಂಪೆಗೆ ಹೋಗುವ ಬಸ್ಸು ಅಲ್ಲಿ ಎರಡು ಗಂಟೆ ನಿಲ್ಲಲಾರದೆ?

ನಮ್ಮ ಶಾಲೆಯಲ್ಲಿ ಈಗ ಆದಿಮಾನವನ ಪಾಠವನ್ನು ಗವಿಯಿಂದ ಮೊದಲುಮಾಡುತ್ತಿಲ್ಲ. ಒಂದು ಹಿಡಿ ಹುರುಳಿಯನ್ನೂ ಒಂದು ಹಿಡಿ ಬೂದಿಯನ್ನೂ ಮೇಜಿನ ಮೇಲಿಟ್ಟು, ಇವೆರಡೂ ನಿಮ್ಮ ಮನೆಯಲ್ಲಿವೆಯೆ ಎಂದು ಕೇಳುತ್ತೇವೆ. ಎಲ್ಲ ಕೈಗಳೂ ಮೇಲೇಳುತ್ತವೆ. ಪಾಠ ಅಲ್ಲಿಂದ ನಡೆಯುತ್ತದೆ.